ರೊಟ್ಟಿ ಮುರಿದುಕೊಟ್ಟು ಸಾಕ್ಷಿ ಹೇಳಿದವಳು

ಕೊಂದವನು ಈಗ ಊರಿನ ಮನೆಯಲ್ಲಿದ್ದಾನೆ. ಊರು ಬಿಡಬೇಕಾಗಿ ಬಂದದ್ದು ಕಂಡದ್ದನ್ನು ಹೇಳಿದ ನನ್ನ ಸೋದರತ್ತೆಗೆ ಮತ್ತು ತಾಯಿಯನ್ನು ಕಳೆದುಕೊಂಡ ಅವಳ ಮೊಮ್ಮಗಳಿಗೆ. ಈ ಪ್ರಕರಣದ ಭಾರವನ್ನು ಹೊತ್ತವರು ಇವರಿಬ್ಬರೇ. ಇದನ್ನು ಮೊದಲೇ ಹೇಳಿಬಿಡುವುದು ಮೇಲು.

ಅತ್ತೆಯ ಅಂಗೈ ಕಪ್ಪಾಗಿತ್ತು. ಅರಕಲಗೂಡಿನ ಕಡೆ ಹೊಗೆಸೊಪ್ಪು ಮುರಿಯುವ ಹೆಂಗಸರ ಕೈಗೆ ಎಲೆಯ ಅಂಟು ಹತ್ತಿ, ಒಣಗಿ, ಇನ್ನೊಂದು ಚರ್ಮದ ಹಾಗೆ ಕೂರುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಆಳು ಕರೆಸುವಷ್ಟು ಜಮೀನಿದ್ದ ಮನೆಯ ಸೊಸೆಯಾಗಿಯೂ ಆಕೆ ಆಳುಗಳ ಸಾಲಿನಲ್ಲೇ ನಿಂತು ಸೊಪ್ಪು ಮುರಿಯುತ್ತಿದ್ದಳು. ಮುಂದೆ ಸಾಲಗಾಮೆಯಲ್ಲಿ ಬಾಡಿಗೆ ಕೋಣೆ ಹಿಡಿದು ಶುಂಠಿ ಹೊಲದ ಕೂಲಿಗೆ ಹೋಗತೊಡಗಿದ ಮೇಲೆ ಆ ಕಪ್ಪು ಹೋಯಿತು. "ಕೈ ಬೆಳ್ಳಗಾಯ್ತು ನೋಡವ್ವ. ನೆಂಟ್ರ ಮುಂದೆ ಮೊಕ ಕಪ್ಪಾಯ್ತು," ಎಂದಿದ್ದಳು. ಅದನ್ನು ಹೇಳುವಾಗ ನಗಲೂ ಇಲ್ಲ, ಅಳಲೂ ಇಲ್ಲ.

ಅತ್ತೆ ಧೈರ್ಯಸ್ಥೆಯಾಗಿರಲಿಲ್ಲ. ನಾನು ದುಡಿಯುವ ಮಹಿಳಾ ಸಂಘಟನೆಯ ಸಭೆಗಳಲ್ಲಿ ಗೆಳತಿಯರು ಆಕೆಯನ್ನು ವೀರ ತಾಯಿಯೆಂದು ಬಣ್ಣಿಸಿದಾಗಲೆಲ್ಲ ನನಗೆ ಇರಿಸುಮುರಿಸಾಗುತ್ತಿತ್ತು. ಮಗ ಹೊಡೆದ ಬಾಸುಂಡೆಯನ್ನು ಸೊಸೆ ತೋರಿಸಿದಾಗ, "ಸೈರಿಸ್ಕೋ ಮಗ, ಗಂಡುಸ್ರು ಅಂಗೇಯ," ಎಂದವಳು ಇದೇ ಅತ್ತೆ. ಸೊಸೆ ಒಮ್ಮೆ ಚನ್ನರಾಯಪಟ್ಟಣದಾಚೆ ದಂಡಿಗನಹಳ್ಳಿಯ ತವರಿಗೆ ಹೋಗಿ ಉಳಿದುಬಿಟ್ಟಾಗ, ತಾನೇ ಹೋಗಿ ಕರೆತಂದವಳೂ ಇದೇ ಅತ್ತೆ. ಅದು ತಪ್ಪು. ಪ್ರೀತಿಯಿಂದ ಮಾಡಿದ್ದರೂ ತಪ್ಪೇ.

ಆ ದಿನ ದೀಪ ಹಚ್ಚುವ ಹೊತ್ತಿನಲ್ಲಿ, ಹಾಸನದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆಂದ ಸೊಸೆಗೂ ಅತ್ತೆಯ ಮಗನಿಗೂ ಕೋಣೆಯಲ್ಲಿ ಜಗಳವಾಯಿತು. ಸದ್ದು ಕೇಳಿ ಅತ್ತೆ ಬಾಗಿಲು ತಳ್ಳಿದಾಗ ಅವನ ಎರಡೂ ಕೈಗಳು ಹೆಂಡತಿಯ ಕತ್ತಿನ ಮೇಲಿದ್ದವು. ಒಂದನೆಯ ತರಗತಿಯಲ್ಲಿದ್ದ ಮೊಮ್ಮಗಳು ಅಜ್ಜಿಯ ಬೆನ್ನಿಗೇ ಬಂದು ನಿಂತಿದ್ದಳು. ಅತ್ತೆ ಮಗನನ್ನು ತಡೆಯಲಿಲ್ಲ. ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. ಮರಳಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎದೆನೋವಿನಿಂದ ಸತ್ತಳೆಂದು ಊರಿಗೆ ಸಾರಿದವನು ಅತ್ತೆಯ ಮೈದುನ; ಊರಿನ ಯಜಮಾನ. ಬೆಳಗಾಗುತ್ತಲೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬಳಿ ಒಟ್ಟಿದ್ದ ಸೌದೆಯನ್ನು ಟ್ರ್ಯಾಕ್ಟರಿಗೆ ಹೇರಿಸಿದ. ಹೆಣ ಸುಟ್ಟುಹೋಗಿದ್ದರೆ ಪ್ರಕರಣವೇ ಇರುತ್ತಿರಲಿಲ್ಲ. ಆದರೆ ನಮ್ಮವರಲ್ಲಿ ಮದುವೆಯಾದ ಹೆಣ್ಣು ಸತ್ತರೆ ತವರಿನವರು ಸೀರೆ ತಂದು ಹೊದಿಸುವ ತನಕ ಹೆಣ ಎತ್ತುವುದಿಲ್ಲ. ಅತ್ತೆ ಹೊಸಿಲಿನ ಮೇಲೆ ಕೂತಳು.

"ತವರ ಸೀರೆ ಬರ್ಲಿ."

"ಒತ್ತಾಯ್ತದೆ ಏಳು ಅತ್ತಿಗೆ. ಸೀರೆ ತಾನೆ, ನಾನೇ ತರುಸ್ತೀನಿ."

"ನೀನೇನು ಅವಳ ಅಪ್ಪನಾ?"

ಅಂಗಳದಲ್ಲಿ ನೆರೆದಿದ್ದ ಊರಿನ ಮುಂದೆಯೇ ಯಜಮಾನ ತವರಿಗೆ ಫೋನ್ ಮಾಡಿಸಿದ. ಕೊಲೆಯನ್ನು ಮುಚ್ಚಬಹುದಿತ್ತು, ಶಾಸ್ತ್ರವನ್ನು ಮೀರುವಂತಿರಲಿಲ್ಲ. ತವರಿನವರು ಹೊಳೆನರಸೀಪುರದಲ್ಲಿ ಬಸ್ ಬದಲಿಸುವಾಗ ಸೀರೆ ಕೊಂಡು ಮಧ್ಯಾಹ್ನಕ್ಕೆ ಬಂದರು. ಸೀರೆ ಹೊದಿಸಲೆಂದು, ಗಲ್ಲದ ತನಕ ಎಳೆದಿದ್ದ ದುಪ್ಪಟಿಯನ್ನು ತಾಯಿ ಸರಿಸಿದಾಗ ಮಗಳ ಕತ್ತು ಕಂಡಿತು. ಸತ್ತವಳ ತಮ್ಮ ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿದ.

ಠಾಣೆಯಲ್ಲಿ ಅತ್ತೆ ಕಂಡದ್ದನ್ನು ಕಂಡಂತೆ ಹೇಳಿದಳು. ಬರೆದುಕೊಂಡದ್ದನ್ನು ಯಾರೂ ಆಕೆಗೆ ಓದಿ ಹೇಳಲಿಲ್ಲ. ಮಗುವನ್ನೂ ಅದೇ ಬೆಂಚಿನ ಮೇಲೆ ಕೂರಿಸಿ, ಸಮವಸ್ತ್ರದಲ್ಲಿದ್ದವರೇ ಪ್ರಶ್ನೆ ಕೇಳಿ, ಸಾಕ್ಷಿಗಳಲ್ಲಿ ಅವಳ ಹೆಸರನ್ನೂ ಸೇರಿಸಿದರು. ಬಂಧಿತನಾದ ಮಗನಿಗೆ ಜಾಮೀನು ಸಿಕ್ಕಿತು. ಅವನು ಮನೆಗೆ ಬಂದ ವಾರದಲ್ಲೇ ಯಜಮಾನ ಅತ್ತೆಯ ಪೆಟ್ಟಿಗೆಯನ್ನು ಜಗಲಿಗೆ ಇಡಿಸಿದ. ಮಗುವನ್ನು ಕರೆದುಕೊಂಡು ಆಕೆ ಸಾಲಗಾಮೆಗೆ ಬಂದದ್ದು ಹಾಗೆ.

ನನ್ನ ತಂದೆ, ಎಂದರೆ ಅತ್ತೆಯ ತಮ್ಮ, ಮನೆತನದ ಮಾನ ಉಳಿಸಲು ಅಲ್ಲಿಗೂ ಹೋದರು. ನಾನು ಜೊತೆಯಲ್ಲಿದ್ದೆ.

"ಅಕ್ಕ, ಸತ್ತೋಳು ಬರಾಕಿಲ್ಲ. ಇರೋನ್ನ ಯಾಕೆ ಕಳ್ಕಂತೀಯ? ಕತ್ಲಲ್ಲಿ ಸರ್ಯಾಗಿ ಕಾಣ್ಲಿಲ್ಲ ಅಂದ್ಬುಡು, ಸಾಕು."

"ಸತ್ತೋಳು ಬರಾಕಿಲ್ಲ ಕಣ್ಲಾ. ಅವಳ ಮಗು ಇಲ್ಲೇ ಕುಂತದಲ್ಲ," ಎಂದು ಅತ್ತೆ ಮೊಮ್ಮಗಳನ್ನು ತೋರಿಸಿದಳು. "ನಾನು ಕಾಣ್ಲಿಲ್ಲ ಅಂದ್ರೆ ಇದುನ್ನ ಕರೀತಾರೆ. ಅವರಪ್ಪನ ಎದ್ರಿಗೆ ನಿಲ್ಸಿ ಕೇಳ್ತಾರೆ. ನಾನಾದ್ರೆ ಮುದ್ಕಿ. ಯೋಳಿ ಸತ್ತೋಯ್ತೀನಿ."

ಆಕೆಗೆ ಬೇಕಾಗಿದ್ದದ್ದು ಅಷ್ಟೇ: ಆ ಮಗು ಕಟಕಟೆ ಹತ್ತಬಾರದು. ನ್ಯಾಯ, ಹೋರಾಟ ಎಂಬ ನನ್ನ ಮಾತುಗಳನ್ನು ಆಕೆ ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದಳು. ಹಾಸನದಲ್ಲಿ ವಿಚಾರಣೆ ಶುರುವಾದಾಗ ಸರ್ಕಾರಿ ವಕೀಲರನ್ನು ಮೊಗಸಾಲೆಯಲ್ಲಿ ತಡೆದು ಕೇಳಿದ್ದೂ ಅದೊಂದನ್ನೇ. "ನಾನು ಎಲ್ಲ ಯೋಳ್ತೀನಿ ಸಾ. ಮಗೀನ ಕರಿಯಾಕಿಲ್ಲ ತಾನೆ?" ಅವರು, "ನೀವು ಗಟ್ಟಿಯಾಗಿ ನಿಂತರೆ ಮಗು ಯಾಕಜ್ಜಿ? ಕೈಬಿಡ್ತೀವಿ," ಎಂದರು.

ಗಟ್ಟಿಯಾಗಿ ನಿಲ್ಲಲು ಆಕೆಯನ್ನು ವರ್ಷಗಟ್ಟಲೆ ಓಡಾಡಿಸಲಾಯಿತು. ಒಮ್ಮೆ ನ್ಯಾಯಾಧೀಶರಿಗೆ ವರ್ಗ, ಒಮ್ಮೆ ಆರೋಪಿಯ ವಕೀಲರಿಗೆ ಜ್ವರ, ಒಮ್ಮೆ ಕಾರಣವೇ ಇಲ್ಲ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತಿತ್ತು. "ಎಣ್ಣು ನೋಡಾಕೆ ಬಂದೋರಂಗೆ ಕಣವ್ವ ಇವ್ರು. ಉಪ್ಪಿಟ್ಟು ಕೇಸರಿಬಾತು ತಿಂತಾರೆ, ಆಮ್ಯಾಕೆ ತಿಳುಸ್ತೀವಿ ಅಂತಾರೆ," ಎಂದು ಅತ್ತೆ ಬಸ್ಸಿನಲ್ಲಿ ಹೇಳಿದಾಗ ಮುಂದಿನ ಸೀಟಿನವರೂ ನಕ್ಕಿದ್ದರು. ಈ ನಡುವೆ ಅಕ್ಕಪಕ್ಕದ ಮನೆಯವರೆಲ್ಲ ಕಟಕಟೆಯಲ್ಲಿ ತಿರುಗಿಬಿದ್ದರು. ಯಾರೂ ಏನೂ ಕೇಳಿರಲಿಲ್ಲ, ಕಂಡಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಅವರಿಗೇನೂ ಆಗಲಿಲ್ಲ.

ಅತ್ತೆಯ ಸಾಕ್ಷ್ಯದ ದಿನವೂ ಸಾಕ್ಷಿಗೆಂದು ಪ್ರತ್ಯೇಕ ಜಾಗವಿರಲಿಲ್ಲ. ಇದೂ ಒಂದು ಅನ್ಯಾಯ. ನಾವು ಕೂತಿದ್ದ ಬೆಂಚಿಗೇ ಅವಳ ಮಗ ಬಂದು ಕೂತ.

"ಉಂಡಾ ಅವ್ವ?"

"ಇಲ್ಲ ಕಣಪ್ಪ. ನೀನು?"

"ಬೆಳಿಗ್ಗೆಯಿಂದ ಏನೂ ಇಲ್ಲ."

ಅತ್ತೆ ಬುತ್ತಿ ಬಿಚ್ಚಿ ಅಕ್ಕಿರೊಟ್ಟಿಯನ್ನು ಮುರಿದು, ಹುಚ್ಚೆಳ್ಳಿನ ಚಟ್ನಿ ಸವರಿ, ಅರ್ಧವನ್ನು ಅವನ ಕೈಗಿಟ್ಟಳು. "ತಿನ್ನು. ಒಳಿಕ್ಕೋದ್ರೆ ಒತ್ತಾಯ್ತದೆ." ಅವನು ತಿಂದ. ಅವಳೂ ತಿಂದಳು. ನಾನು ಎದ್ದು ಹೋಗಿ ಗೋಡೆಯ ಬಳಿ ನಿಂತೆ.

ಕೂಗಿದಾಗ ಒಳಗೆ ಹೋಗಿ, ಅವನ ಕೈಗಳು ಎಲ್ಲಿದ್ದವೆಂಬುದನ್ನು ಅತ್ತೆ ಹೇಳಿದಳು. ದನಿ ಏರಲಿಲ್ಲ. ಆರೋಪಿಯ ವಕೀಲರು ಪಾಟೀಸವಾಲಿಗೆ ಎದ್ದರು. "ಕಣ್ಣೆದುರಿಗೆ ಕೊಲೆಯಾಗುತ್ತಿದ್ದರೆ ಯಾರಾದರೂ ಬಿಡಿಸುತ್ತಾರೆ. ನೀವು ಬಿಡಿಸಲಿಲ್ಲ. ಅಂದರೆ ನೀವು ನೋಡಿಯೇ ಇಲ್ಲ."

"ನೋಡ್ದೆ ಸಾ. ನೋಡೂ ಬಿಡುಸ್ಲಿಲ್ಲ. ಅದುನ್ನೂ ಬರ್ಕಳಿ."

ಹಿಂದಿರುಗುವ ಬಸ್ಸಿನಲ್ಲಿ ನಾನು ತಡೆಯಲಾರದೆ ರೊಟ್ಟಿಯ ಮಾತೆತ್ತಿದೆ. ಕೊಂದವನಿಗೆ ಉಣಿಸಿದ್ದು ಸರಿಯೇ ಎಂದೆ. "ಅವ್ನು ಅಸ್ಕಂಡಿದ್ದ. ಅದುಕ್ಕೂ ಇದುಕ್ಕೂ ಏನವ್ವ?" ಎಂದಳು. ಅಪರಾಧಿಗೆ ಶಿಕ್ಷೆಯಾಗಬೇಕೆಂದು ಕೇಳುವಾಗ ಅವನನ್ನು ದ್ವೇಷಿಸಲೇಬೇಕೆಂದು ನಾನು ತಿಳಿದಿದ್ದೆ. ಹಾಗೇನಿಲ್ಲವೆಂಬುದನ್ನು ನಾನು ಅತ್ತೆಯಿಂದ ಕಲಿತೆ. ಆ ಋಣ ತೀರುವಂಥದ್ದಲ್ಲ.

ಮಗುವನ್ನು ಕರೆಯಲಿಲ್ಲ. ಅತ್ತೆಯ ಮಾತು ಮತ್ತು ವೈದ್ಯರ ವರದಿಯ ಮೇಲೆ ಮಗನಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪು ಕೇಳಿದ ಅತ್ತೆ, "ಮಗೀಗೆ ಪರೀಕ್ಷೆ ಅದೆ, ಬಿರ್ರನೆ ಓಗುವ," ಎಂದಳು. ಆಮೇಲೆ ಮೇಲ್ಮನವಿ ಹೋಯಿತು. ಅದು ವಿಚಾರಣೆಗೆ ಬಾರದೆ ಕೂತಿತು. ಕಡೆಗೆ ಶಿಕ್ಷೆಯನ್ನು ತಡೆಹಿಡಿದು ಅವನನ್ನು ಜಾಮೀನಿನ ಮೇಲೆ ಬಿಟ್ಟರು. ಯಜಮಾನ ಬಸ್‌ಸ್ಟ್ಯಾಂಡಿಗೆ ಕಾರು ಕಳಿಸಿದ್ದನಂತೆ.

ಕಳೆದ ಮುಂಗಾರಿನಲ್ಲಿ ಅತ್ತೆಗೆ ಕಾಮಾಲೆಯಾಯಿತು. ನಾಟಿ ಔಷಧಿ ಕುಡಿದು ದಿನ ದೂಡಿದಳು. ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು. ಸಾಯುವ ಮುನ್ನ ಹುಡುಗಿಗೆ ಜಡೆ ಹಾಕಿದ್ದಾರೆಯೇ ಎಂದು ಕೇಳಿದಳು. ಹಾಕಿದ್ದೇವೆಂದೆ. ಮಣ್ಣಿಗೆ ಊರಿನವರು ಯಾರೂ ಬರಲಿಲ್ಲ.

ಹುಡುಗಿ ಈಗ ನನ್ನ ಬಳಿ ಇದ್ದಾಳೆ, ಏಳನೆಯ ತರಗತಿ. ಹೋದ ವಾರ ಅವಳ ಹೆಸರಿಗೆ ಸಮನ್ಸ್ ಬಂತು. ಮನೆಯಲ್ಲೇ ಇದ್ದ ಮಗುವನ್ನು ವಿಚಾರಣೆಗೆ ಕರೆಯದೆ ಬಿಟ್ಟದ್ದು ಲೋಪವೆಂದು ಅವಳ ತಂದೆ ಮೇಲ್ಮನವಿಯಲ್ಲಿ ಅರ್ಜಿ ಹಾಕಿದ್ದ. ಸರ್ಕಾರದ ಪರವಾಗಿ ಯಾರೂ ಆಕ್ಷೇಪಿಸಲಿಲ್ಲ. ಮೇಲಿನ ನ್ಯಾಯಾಲಯ ಅವಳ ಹೇಳಿಕೆ ಪಡೆಯುವಂತೆ ಆದೇಶಿಸಿದೆ. ಅಜ್ಜಿಗೆ ಸರ್ಕಾರಿ ವಕೀಲರು ಕೊಟ್ಟ ಮಾತನ್ನೇ ಅವನು ತನ್ನ ಖುಲಾಸೆಗೆ ದಾರಿ ಮಾಡಿಕೊಂಡಿದ್ದಾನೆ.

ಮಾನ್ಯ ಸರ್ಕಾರಿ ವಕೀಲರೇ, ಮಗುವನ್ನು ಕರೆಯುವುದಿಲ್ಲವೆಂದು ನಿಮ್ಮ ಇಲಾಖೆ ಒಬ್ಬ ತಾಯಿಗೆ ಮಾತು ಕೊಟ್ಟಿತು. ಆ ಮಾತಿನ ಮೇಲೆ ಆಕೆ ತನ್ನ ಮಗನನ್ನು, ಮನೆಯನ್ನು, ಬಳಗವನ್ನು ನಿಮ್ಮ ಕಟಕಟೆಯಲ್ಲಿ ಬಿಟ್ಟುಕೊಟ್ಟಳು. ಆಕ್ಷೇಪಣೆಯನ್ನು ಈಗಲಾದರೂ ಸಲ್ಲಿಸಿ. ಆ ಆದೇಶವನ್ನು ಹಿಂಪಡೆಯುವಂತೆ ಕೇಳಿ. ಅತ್ತೆ ಹೇಳಿದ್ದು ನಿಮ್ಮ ಕಡತದಲ್ಲಿದೆ. ತಾನು ಬಿಡಿಸಲಿಲ್ಲವೆಂಬುದೂ ಸೇರಿದಂತೆ ಎಲ್ಲವೂ ಇದೆ. ಅದನ್ನು ಓದಿ. ಹುಡುಗಿಯನ್ನು ಕರೆಯಬೇಡಿ.