ಅರ್ಥ ಹೇಳುತ್ತಿದ್ದವಳು

ನಾಸಿಕದ ಪಕ್ಕದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಅಪ್ಪ ಟೆಕ್ನಿಷಿಯನ್ ಆಗಿದ್ದರು. ಊರು ಧಾರವಾಡದ ಕಡೆ. ಹೊರಗೆ ಮರಾಠಿ, ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷು. ನಮ್ಮ ಕನ್ನಡ ಕ್ವಾರ್ಟರ್ಸಿನ ಹೊಸ್ತಿಲು ದಾಟುತ್ತಿರಲಿಲ್ಲ. ನಾನೂ ತಮ್ಮನೂ ಇಂಗ್ಲಿಷಿನಲ್ಲಿ ಹಿಂದೆ ಬೀಳಬಾರದೆಂದು ಅಪ್ಪ ರವಿವಾರಕ್ಕೊಂದು ಅಕ್ಷರಜೋಡಿ ಹಿಡಿದು ಕೂರುತ್ತಿದ್ದರು. ಒಂದು ವಾರ ಕೆ-ಎನ್ ಮನೆತನ, ಇನ್ನೊಂದು ವಾರ ಬಿ-ಆರ್ ಮನೆತನ. ನೈಫ್, ನಾಕ್ ಎಲ್ಲ ಕೆ-ಎನ್ ಮನೆತನದವು. ಅವುಗಳಲ್ಲಿ ಕೆ ಯಾಕೆ ಸುಮ್ಮನೆ ಕೂತಿದೆ ಎಂದು ತಮ್ಮ ಕೇಳಿದ. "ಅದು ಸೂಪರ್‌ವೈಜರ್ ಪಾ. ಕೆಲಸ ಮಾಡಂಗಿಲ್ಲ, ಆದ್ರ ಎಲ್ಲಾರ್ಕಿಂತ ಮುಂದ ನಿಂತಿರ್ತದ," ಅಂದರು.

ಪಾಠಕ್ಕೊಂದು ಪದ್ಧತಿಯಿತ್ತು. ಅಪ್ಪ ಪದ ಹೇಳಬೇಕು, ನಾವು ತಿರುಗಿ ಹೇಳಬೇಕು, ಅಡುಗೆಮನೆಯಿಂದ ಅವ್ವ ಅದರ ಅರ್ಥ ಹೇಳಬೇಕು. ಬ್ರೂಮ್ ಅಂದರೆ ಒಳಗಿಂದ "ಕಸಬರಿಗಿ". ಬ್ರಿಕ್ ಅಂದರೆ "ಇಟ್ಟಂಗಿ". ಬ್ರೈಡ್ ಅಂದರೆ "ಮದಲಗಿತ್ತಿ". ಅಷ್ಟಕ್ಕೇ ಬಿಡದೆ ಅಪ್ಪ "ಎಲ್ಲಿದಾಳ ಮದಲಗಿತ್ತಿ?" ಎಂದು ಕೆಣಕುವರು. "ರೊಟ್ಟಿ ಬಡ್ಯಾಕತ್ತಾಳ, ಉಣ್ಣಾಕ ಬರ್ರಿ," ಎಂದು ಅವ್ವ ಅಲ್ಲಿಂದಲೇ ತಿರುಗಿಸಿ ಕೊಡುವಳು. ಅವಳಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಶನಿವಾರ ನಾವು ಆಡಲು ಹೋದಾಗ ಅಪ್ಪ ಅವಳನ್ನು ಎದುರಿಗೆ ಕೂರಿಸಿಕೊಂಡು ಮರುದಿನದ ಪದಗಳನ್ನೆಲ್ಲ ಹೇಳಿಕೊಡುತ್ತಿದ್ದರಂತೆ. ಇದು ನಮಗೆ ತಿಳಿದದ್ದು ದೊಡ್ಡವರಾದ ಮೇಲೆ.

ಹೀಗಾಗಿ ನಮಗೆ ಕನ್ನಡವೆಂದರೆ ಅರ್ಥ. ಮಾತಾಡಲು ಬೇರೆ ಭಾಷೆಗಳಿದ್ದವು. ನಾನಾದರೂ ಹುಬ್ಬಳ್ಳಿಯ ಮನೆತನಕ್ಕೆ ಸೊಸೆಯಾಗಿ ಕನ್ನಡದ ಓದು ಬರಹ ಕಲಿತೆ. ತಮ್ಮನ ಕನ್ನಡ ಮಾತ್ರ ಕೇಳಿಸಿಕೊಳ್ಳುವುದರಲ್ಲೇ ಉಳಿಯಿತು.

ಅಪ್ಪ ನಿವೃತ್ತರಾಗಿ ನಾಸಿಕದಲ್ಲಿ ಮನೆ ಮಾಡಿದ ಮೇಲೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು. ಮಾತು ಪೂರ್ತಿ ಹೋಯಿತು. ತಮ್ಮ ಸಂಭಾಜಿನಗರದ ಪಕ್ಕದ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅಪ್ಪ ಅವ್ವ ಇಬ್ಬರನ್ನೂ ಸಂಭಾಜಿನಗರದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದ. ಗಂಡನ ಕೆಲಸದಿಂದಾಗಿ ನಾಸಿಕದಲ್ಲೇ ಸಂಸಾರವಿದ್ದ ನಾನು ಮನ್ಮಾಡಿನ ಮೇಲೆ ಹೋಗುವ ರೈಲು ಹತ್ತಿ ವಾರವಾರ ಹೋಗಿ ಬರುತ್ತಿದ್ದೆ.

ಅಲ್ಲಿ ಲಕ್ವಾ ಹೊಡೆದವರಿಗೆ ಮತ್ತೆ ಮಾತು ಕಲಿಸುವ ಒಬ್ಬ ಮರಾಠಿ ಹುಡುಗಿ ಸಿಕ್ಕಳು. ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ದಿನವೇ ಕೇಳಿದಳು: ಮನೆಯಲ್ಲಿ ಇವರ ಭಾಷೆ ಯಾವುದು? ಸದ್ಯಕ್ಕೆ ಅದೊಂದನ್ನೇ ಹಿಡಿಯೋಣ, ಎಲ್ಲ ಕಲಸಿದರೆ ಇವರಿಗೆ ತ್ರಾಸು. ನಾನು ಬಾಯಿ ತೆರೆಯುವುದರೊಳಗೆ ತಮ್ಮ "ಇಂಗ್ಲಿಷ್" ಅಂದುಬಿಟ್ಟ. ಪಕ್ಕದಲ್ಲೇ ಕೂತಿದ್ದ ಅವ್ವನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ. ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೆ.

ಹೊರಗೆ ಬಂದವಳೇ ತಮ್ಮನನ್ನು ತರಾಟೆಗೆ ತೆಗೆದುಕೊಂಡೆ. "ಅವ್ವ ಇಂಗ್ಲಿಷಿನಾಗ ಸಂಸಾರ ಮಾಡ್ಯಾಳೇನೋ?"

"ಅಕ್ಕಾ, ಅಪ್ಪ ಕನ್ನಡದಾಗ ವಾಪಸ್ ಬಂದ್ರ ನಾ ಏನ್ ಮಾತಾಡ್ಲಿ?" ಅಂದ. "ನಂಗ ಬರೋಬ್ಬರಿ ಬರಂಗಿಲ್ಲ. ನನ್ನ ಪೋರಗೋಳಿಗಂತೂ ಬಿಲ್ಕುಲ್ ಇಲ್ಲ. ನಮಗೂ ಅಪ್ಪ ಬೇಕಲಾ?"

ನನ್ನ ಮೈ ಉರಿಯಿತು. ಆದರೆ ಅವನು ಅಳುತ್ತಿದ್ದ. ಅಳುವ ಗಂಡಸಿನ ಜೊತೆ ಜಗಳ ಹೇಗೆ ಆಡುವುದು?

ಅಂದಿನಿಂದ ಆ ಮನೆಯಲ್ಲಿ ಅಪ್ಪನ ಎದುರು ಕನ್ನಡ ಬಂದ್. ಅವ್ವ ಊಟ ಮಾಡಿಸುವಾಗ, ಮೈ ಒರೆಸುವಾಗ, ಮೂಕಿಯ ಹಾಗೆ ಕೈಸನ್ನೆ ಮಾಡುತ್ತಿದ್ದಳು. ತಮ್ಮ ಕೆಲಸದಿಂದ ಬಂದು ಅದೇ ಹಳೆಯ ಮನೆತನಗಳನ್ನು ಹಿಡಿದು ಕೂರುತ್ತಿದ್ದ. ತಿಂಗಳುಗಟ್ಟಲೆ ಏನೂ ಇಲ್ಲ. ಆಮೇಲೊಂದು ಬೆಳಿಗ್ಗೆ, ಅವ್ವ ಚಹಾದ ಕಪ್ಪು ಹಿಡಿದು ಎದುರಿಗೆ ನಿಂತಾಗ, ಅಪ್ಪ ಸ್ಪಷ್ಟವಾಗಿ "ಬ್ರಶ್" ಅಂದರು. ಹಿಂದೆಯೇ ಬ್ರೆಡ್, ಬ್ರಿಕ್, ಬ್ರೂಮ್. ನಲ್ಲಿ ಬಂದ ಹಾಗೆ ಬಂತು. ಮನೆಯಲ್ಲಿ ಹಬ್ಬ. ಅವ್ವ ಮಾತ್ರ ಕಪ್ಪು ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ತಮ್ಮ ವಿಡಿಯೋ ಮಾಡಿ ಬಂಧುಗಳಿಗೆಲ್ಲ ಕಳಿಸಿದ. ಇದು ಬರೀ ಬಾಯಿಪಾಠವಿರಬಹುದು, ಸ್ವಲ್ಪ ಕಾಯೋಣ ಎಂದು ಆ ಹುಡುಗಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ, ತಮ್ಮ ಕೆಲಸಕ್ಕೆ ಹೋಗಿದ್ದ. ಅವ್ವ ಕಸಬರಿಗೆ ತಂದು ಅಪ್ಪನ ಮುಂದೆ ಹಿಡಿದಳು. "ಇದೇನ್ರಿ?"

"ಬ್ರೆಡ್," ಅಂದರು ಅಪ್ಪ.

ಬ್ರೆಡ್ಡನ್ನೇ ತಂದು ತೋರಿಸಿದಳು. "ಬ್ರಿಕ್."

ಅವ್ವ ಎರಡನ್ನೂ ಪಕ್ಕಕ್ಕಿಟ್ಟು, ಅಪ್ಪನ ಮುಂದೆ ನೆಲದ ಮೇಲೆ ಕೂತು, ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ನಾ ಯಾರ್ರಿ?"

ಅಪ್ಪ ಅವಳನ್ನು ಮರ್ಯಾದೆಯಿಂದ ನೋಡಿದರು. ಗುರುತಿಲ್ಲದ ಅತಿಥಿಯನ್ನು ನೋಡುವ ಮರ್ಯಾದೆ ಅದು. ಆಮೇಲೆ ಬಿ-ಆರ್ ಮನೆತನವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದರು. ನಡುವೆ ಬ್ರೈಡ್ ಕೂಡ ಬಂತು. ಅಲ್ಲಿ ಅವರು ನಿಲ್ಲಲಿಲ್ಲ. ಮುಗಿಸಿ, ಶಾಭಾಷ್ ಅನ್ನಲಿ ಎಂಬಂತೆ ನಮ್ಮಿಬ್ಬರ ಮುಖ ನೋಡಿದರು.

"ಮಾತು ಬಂದಾವ. ಅವರು ಬಂದಿಲ್ಲ," ಅಂದಳು ಅವ್ವ. ಕಸಬರಿಗೆ ಎತ್ತಿಕೊಂಡು ಎದ್ದು, "ನಿನ್ನ ತಮ್ಮಗ ಹೇಳಬ್ಯಾಡ. ಖುಷಿಯಾಗ್ಯಾನ," ಅಂದಳು.

ಆಮೇಲೆ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಅಪ್ಪನ ಜೊತೆ ಕನ್ನಡದಲ್ಲೇ ಮಾತಾಡಿದಳು, ಧಾರಾಳವಾಗಿ ಮಾತಾಡಿದಳು. ಒಂದು ಪದವೂ ತಿರುಗಿ ಬರಲಿಲ್ಲ. ಮೊದಲಿಂದಲೇ ಕನ್ನಡ ಹಿಡಿದಿದ್ದರೆ ಬರುತ್ತಿತ್ತೇ? ಬರುತ್ತಿರಲಿಲ್ಲವೋ ಏನೋ. ಅದು ಎಂದಿಗೂ ಗೊತ್ತಾಗುವುದಿಲ್ಲವಲ್ಲ ಎಂಬುದಕ್ಕೇ ನನಗೆ ಇವತ್ತಿಗೂ ಸಂಕಟ. ಅಪ್ಪನನ್ನು ಮಕ್ಕಳು ಹಂಚಿಕೊಂಡರು, ಗಂಡನನ್ನು ಕೇಳಲು ಅವಳಿಗೆ ಸರದಿಯೇ ಸಿಗಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಓಝರಿನ ಹಳೆಯ ಜೊತೆಗಾರರು ಬಂದರು, ಧಾರವಾಡದಿಂದ ನೆಂಟರು ಬಂದರು. ಅವ್ವನ ಕಣ್ಣು ಒಣಗಿಯೇ ಇತ್ತು. ಹೆಂಗಸರು ಗುಸುಗುಸು ಶುರು ಮಾಡಿದರು. ಕೊನೆಗೆ ಸೋದರತ್ತೆ ಅವಳ ಬೆನ್ನ ಮೇಲೆ ಕೈಯಾಡಿಸಿ, "ಅತ್ತುಬಿಡು ವೈನಿ, ಎದಿ ಹಗರಾಗ್ತದ," ಅಂದಳು.

ತಮ್ಮ ಅಲ್ಲೇ ಕೂತಿದ್ದ. ಅವ್ವ ಅವನ ಕಡೆ ನೋಡಲಿಲ್ಲ.

"ಅವರು ಮೊದಲನೇ ಮಾತು ಆಡಿದ ದಿನಾನ ನಾ ಅತ್ತು ಮುಗಿಸೀನಿ," ಅಂದಳು. "ಅವತ್ತು ಇವರೆಲ್ಲಾ ಪೇಡೆ ಹಂಚಾಕತ್ತಿದ್ರು."