ಮದ್ದಿಲ್ಲದ ತೋಟ

ಸುಮತಿಯ ಅಪ್ಪ ಕೊಳ್ಳೇಗಾಲದ ಕಡೆಯ ವೀಳ್ಯದೆಲೆ ತೋಟವೊಂದರಲ್ಲಿ ಕೂಲಿಯಾಗಿದ್ದ. ಒಂದು ವರ್ಷ ಅವನು ನೆಟ್ಟ ಬಳ್ಳಿಗಳೆಲ್ಲ ಹಳದಿಗಟ್ಟಿ ಸೊರಗಿದವು. "ನಿಂದು ಸುಟ್ಟ ಕೈ ಕಣೋ" ಎಂದು ಯಜಮಾನ ಅಟ್ಟಿಬಿಟ್ಟ. ಆಮೇಲೆ ಊರಿನಲ್ಲಿ ಯಾರೂ ಅವನನ್ನು ನಾಟಿಗೆ ಕರೆಯಲಿಲ್ಲ; ಕಲ್ಲು ಹೊರಲು ಕರೆದರು. ಮನೆಯಲ್ಲಿ ಮೊದಲು ಕಾಲೇಜು ಕಂಡವಳು ಸುಮತಿ. ಅಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಗಂಟುಗಂಟಾದ ಬೇರೊಂದನ್ನು ನೋಡಿದಾಗ, ಅಪ್ಪ ಕಿತ್ತೆಸೆದ ಬಳ್ಳಿಗಳ ಬೇರು ನೆನಪಾಯಿತು. ಬೇರಿನೊಳಗೆ ಬರಿಗಣ್ಣಿಗೆ ಕಾಣದ ಜಂತುಹುಳು ಇತ್ತು. ಅಂದೇ ಫೋನು ಮಾಡಿದಳು.

"ಹುಳುವಾ? ಇಷ್ಟ್ ವರ್ಸ ಆದ್ಮೇಲೆ ಹೇಳ್ತೀಯಲ್ಲವ್ವ," ಎಂದು ಅಪ್ಪ ನಕ್ಕ. "ಯಜಮಾನ್ರು ಸತ್ತೋದ್ರು. ಈಗ ಯಾರ್‍ಗೆ ಹೇಳಾನ?"

ಆ ಹುಳು ಮತ್ತು ಅದರ ದಾಯಾದಿಗಳ ಹಿಂದೆಯೇ ಅವಳ ಆಯುಷ್ಯ ಸವೆಯಿತು. ತಿರುವನಂತಪುರದ ಸಂಶೋಧನಾ ಕೇಂದ್ರವೊಂದರಲ್ಲಿ ಮಣ್ಣು ಜಾಲಿಸಿ, ಬೇರು ಸೀಳಿ, ಕೊನೆಗೆ ಹುಳುವಿನ ಮೊಟ್ಟೆಯನ್ನೇ ತಿನ್ನುವ ಒಂದು ಬೂಷ್ಟನ್ನು ಬೆಳೆಸಿದಳು. ಬಿಳಿ ಪುಡಿಯಲ್ಲಿ ಬೆರೆಸಿದರೆ ಅದೇ ಮದ್ದು. ಮಣ್ಣಿಗೆ ವಿಷ ಸುರಿಯಬೇಕಿಲ್ಲ. ಪರೀಕ್ಷೆಗೆ ನೆಡುಮಂಗಾಡಿನ ಬಳಿ ಐದು ನೇಂದ್ರ ಬಾಳೆ ತೋಟಗಳನ್ನು ಆರಿಸಿದಳು. ನಾಲ್ಕಕ್ಕೆ ಮದ್ದು, ಹೋಲಿಕೆಗೆಂದು ಒಂದಕ್ಕೆ ಬರೀ ಪುಡಿ. ಯಾರಿಗೆ ಯಾವುದು ಎಂದು ರೈತರಿಗೆ ಹೇಳುವಂತಿರಲಿಲ್ಲ.

"ಬರೀ ಪುಡಿ ಹೇಳಿದ್ದಷ್ಟ ಮಾಡೋರಿಗೆ ಕೊಡ್ರಿ," ಎಂದರು ವಿಭಾಗದ ಮುಖ್ಯಸ್ಥ ವೀರಭದ್ರ. "ಶಾಣ್ಯಾರಿಗೆ ಕೊಟ್ರ ನಡುವ ಬ್ಯಾರೆ ಔಷಧ ಹಾಕಿ ಎಲ್ಲಾ ಕೆಡಸ್ತಾರ."

ಆ ಐದು ತೋಟದವರಲ್ಲಿ ಸುಮತಿಗೆ ಹೊಳೆದದ್ದು ಒಂದೇ ಹೆಸರು. ಕುಸುಮಾವತಿ ಕಾಸರಗೋಡಿನಿಂದ ಮದುವೆಯಾಗಿ ಬಂದವಳು. ಕನ್ನಡದ ಒಂದು ಮಾತು ಸಿಕ್ಕಿದರೆ ಸಾಕು, ಸುಮತಿ ಹೇಳಿದ್ದೆಲ್ಲ ಅವಳಿಗೆ ವೇದ. ಆ ಊರಿನಲ್ಲಿ ಯಾರೇ ತೆಂಗು ಬಾಳೆ ಹಾಕಲಿ, ಮೊದಲ ಗಿಡವನ್ನು ಅವಳಿಂದಲೇ ನೆಡಿಸುತ್ತಿದ್ದರು. ಅಂಥ ಕೈಗುಣ ಅವಳದು.

ಓಣಂ ಹತ್ತಿರವಾದಾಗ ಒಂದು ಗಾಳಿ ಬೀಸಿತು. ನಾಲ್ಕು ತೋಟಗಳು ಗೊನೆ ಹೊತ್ತು ನಿಂತವು. ಕುಸುಮಾವತಿಯ ಬಾಳೆ ಬುಡಸಮೇತ ಮಗುಚಿತು. ಬೇರುಗಳು ಒಳಗೆ ಕೊಳೆತು ಕೆಂಪಾಗಿದ್ದವು.

"ಮದ್ದು ಒಂದೇ, ಮಣ್ಣು ಒಂದೇ," ಎಂದ ಪಕ್ಕದ ತೋಟದ ಪ್ರಮೋದ್, ಎಲ್ಲರಿಗೂ ಕೇಳುವಂತೆ. "ಕುಸುಮ ಚೇಚ್ಚಿ ಮುಟ್ಟಿದರೆ ಕರೆಂಟು ಕಂಬವೂ ಒಣಗುತ್ತದೆ!"

ಜನ ನಕ್ಕರು. ಆ ವರ್ಷ ಮೊದಲ ಗಿಡ ನೆಡಲು ಯಾರ ಮನೆಯಿಂದಲೂ ಅವಳಿಗೆ ಕರೆ ಬರಲಿಲ್ಲ. ಅವಳ ಸ್ವಂತ ಸೊಸೆಯ ಸೀಮಂತಕ್ಕೆ ಬಂದವರು ಕೂಡ, ಬಳೆ ತೊಡಿಸುವಾಗ ಅವಳು ಹಿಂದೆ ನಿಲ್ಲಲಿ ಎಂದರು.

ಫಲಿತಾಂಶ ಮಂಡನೆ ಕೊಚ್ಚಿಯಲ್ಲಿ ನಡೆಯಿತು. ಕಿಟಕಿಯಾಚೆ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು. ಮದ್ದು ತಯಾರಿಸಲು ಮುಂದೆ ಬಂದ ಕಂಪನಿಯವರು ಮುಂದಿನ ಸಾಲಿನಲ್ಲಿದ್ದರು. ಐವರು ರೈತರಿಗೂ ಶಾಲು ಹೊದಿಸಿದರು. ಪರದೆಯ ಮೇಲೆ ಮಗುಚಿದ ಬಾಳೆಯ ಚಿತ್ರ, ಕೆಳಗೆ ಆ ಐವರಿಗೂ ತಿಳಿಯದ ಇಂಗ್ಲಿಷಿನಲ್ಲಿ 'ಮದ್ದಿಲ್ಲದ ತೋಟ' ಎಂಬ ಬರಹ.

"ಅಕ್ಕಾ, ಅದು ನನ್ನ ತೋಟ ಅಲ್ವಾ!" ಕುಸುಮಾವತಿಯ ಮುಖ ಅರಳಿತು. ಮೈಕು ಕೊಟ್ಟಾಗ ಮಲಯಾಳದಲ್ಲಿ, ಮದ್ದು ಒಳ್ಳೆಯದೇ, ಕೆಟ್ಟದ್ದು ತನ್ನ ಕೈ ಎಂದಳು. ಕಂಪನಿಯವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಫಾತಿಮಾ ಎಂಬ ವಿದ್ಯಾರ್ಥಿನಿ ಎದ್ದು ಇಂಗ್ಲಿಷಿನಲ್ಲಿ ಕೇಳಿದಳು: "ಇವರಿಗೆ ಸಿಕ್ಕಿದ್ದು ಬರೀ ಪುಡಿ ಎಂದು ಇವರಿಗೆ ಗೊತ್ತೇ?"

ವೀರಭದ್ರ ಸುಮತಿಯತ್ತ ನೋಡಿದರು. "ಪ್ರಯೋಗ ಮುಗಿದ ಮೇಲೆ ತಿಳಿಸುತ್ತೇವೆ," ಎಂದಳು ಸುಮತಿ, ಅವಳೂ ಇಂಗ್ಲಿಷಿನಲ್ಲೇ. ಪ್ರಯೋಗ ಓಣಂಗೇ ಮುಗಿದಿತ್ತು.

"ಆ ಹುಡುಗಿ ಎಂತ ಕೇಳಿದ್ದು ಅಕ್ಕಾ?"

"ನಿಮ್ಮ ಬಗ್ಗೇನೇ ಕುಸುಮಕ್ಕ. ಒಳ್ಳೇ ಮಾತೇ."

ವಾಪಸು ರೈಲಿನಲ್ಲಿ ಹೇಳಿಬಿಡಬೇಕೆಂದು ಸುಮತಿ ಬಾಯಿ ತೆರೆದಳು. ಎದುರು ಸೀಟಿನಲ್ಲಿ ಪ್ರಮೋದ್ ಕೂತಿದ್ದ. ಕನ್ನಡದಲ್ಲಿ ಹೇಳಿದರೂ ಕುಸುಮಾವತಿ ಅಲ್ಲೇ ಅವನಿಗೆ ಮಲಯಾಳದಲ್ಲಿ ಹೇಳಿಯಾಳು; ಅವನ ಕಿವಿಗೆ ಬಿದ್ದರೆ ಸಾಕು, ಕೇಂದ್ರದವರು ನಂಬಿದವಳ ಕಣ್ಣಿಗೇ ಸುಣ್ಣ ಹಚ್ಚಿದರು ಎಂದು ಊರೆಲ್ಲ ಹಬ್ಬುತ್ತದೆ. ಆಮೇಲೆ ತನ್ನ ಮದ್ದನ್ನು ಯಾರು ಕೊಳ್ಳುತ್ತಾರೆ? ಇಷ್ಟು ವರ್ಷದ ದುಡಿಮೆ. ಬಾಯಿ ಮುಚ್ಚಿದಳು. ಇಳಿಯುವಾಗ ಕುಸುಮಾವತಿ ಸಂಚಿಯಿಂದ ಬಾಳೆಕಂದೊಂದನ್ನು ತೆಗೆದುಕೊಟ್ಟಳು.

"ಉಳಿದದ್ದು ಇದೊಂದೇ. ನೀವೇ ನೆಡಿ, ನಿಮ್ಮದು ಒಳ್ಳೇ ಕೈ."

ಮನೆಯಲ್ಲಿ ಸುಮತಿ ಕಂದಿನ ಗಡ್ಡೆಯ ಕಪ್ಪು ಸಿಪ್ಪೆಯನ್ನು ಬಿಳುಪು ಕಾಣುವ ತನಕ ಹೆರೆದಳು. ಬಿಸಿನೀರಿನಲ್ಲಿ ಅದ್ದಿದಳು. ಗುಂಡಿಗೆ ಮದ್ದು ಹಾಕಿ ನೆಟ್ಟಳು. ಕುಸುಮಾವತಿಗೆ ಇದನ್ನು ಒಮ್ಮೆಯೂ ಕಲಿಸಿರಲಿಲ್ಲ.

ಮುಂದಿನ ಓಣಂಗೆ ಆ ಬಾಳೆ ಊರುಗೋಲು ಕೊಡಬೇಕಾದಂಥ ಗೊನೆ ಬಿಟ್ಟಿತು. ನೋಡಲು ಬಂದ ಕುಸುಮಾವತಿ ಅಂಗಳದಲ್ಲೇ ನಿಂತಳು.

"ನಾನು ಹೇಳ್ಲಿಲ್ವಾ ಅಕ್ಕಾ? ಕೈ ಅಂದ್ರೆ ನಿಮ್ಮದು."

"ಹತ್ರ ಬನ್ನಿ ಕುಸುಮಕ್ಕ."

"ಬೇಡ ಮಾರಾಯ್ರೆ, ಇಷ್ಟು ಚಂದ ಉಂಟು," ಎಂದು ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಸುಮತಿ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.