ರೊಟ್ಟಿ ಕಲ್ಲವ್ವನ ಮನೆ ಸಾಲ

ನಾಗರಪಂಚಮಿಯ ಮರುದಿನ ಏಳನೇ ಕ್ಲಾಸು ಬಿಟ್ಟು ಊರಿನಿಂದ ಕಾಲ್ಕಿತ್ತವನು ನಾನು. ಆಮೇಲೆ ಮಾಡಿದ ಹತ್ತಾರು ಕೆಲಸಗಳಲ್ಲಿ, ಪಗಾರ ಚೀಟಿ ಇಲ್ಲದವರಿಗೆ ಮನೆ ಸಾಲ ಕೊಡಿಸುವುದೂ ಒಂದು.

ಊರು ಬಿಟ್ಟು ಬಂದ ಕನ್ನಡದವರೇ ತುಂಬಿದ್ದ ಠಾಕುರ್ಲಿಯ ಚಾಳಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದ ಕಲ್ಲವ್ವನಿಗೆ ಸ್ವಂತದ್ದೊಂದು ರೂಮು-ಕಿಚನ್ ಬೇಕಿತ್ತು. ಬ್ಯಾಂಕಿನವರೆಲ್ಲ ವಾಪಸ್ ಕಳಿಸಿದ್ದರು. ನಮ್ಮ ಸಾಲದ ಕಂಪನಿಯ ಮೈಸೂರು ಕಡೆಯ ಸಾಹೇಬರು ಮಾತ್ರ, "ಅಕ್ಕಪಕ್ಕ ವಿಚಾರಿಸೋಣ, ವ್ಯಾಪಾರ ನಿಜವಾಗಿದ್ರೆ ಕೊಡೋಣ" ಎಂದು ನನ್ನ ಜೊತೆ ಬಂದರು.

ನಲ್ಲಿಯ ಬಳಿ ನಿಂತು, "ಇಲ್ಲಿ ಕಲ್ಲವ್ವ ಅಂತ ಇದ್ದಾರಾ?" ಎಂದು ಕೇಳಿದರು. ಇಸ್ತ್ರಿ ಶರ್ಟು, ಕೈಯಲ್ಲಿ ಫೈಲು ನೋಡಿ ಹೆಂಗಸರು ಇವರನ್ನು ಸಾಲ ವಸೂಲಿಯವರೆಂದೇ ತಿಳಿದರು.

"ಯಾವ ಕಲ್ಲವ್ವ? ಆ ಹೆಸರಿನವರು ಇಲ್ಲೇ ಇಲ್ರಿ."

"ಇದ್ಲು ಒಬ್ಬಾಕಿ, ಊರಿಗೆ ಹ್ವಾದ್ಲು" ಎಂದಳು ಇನ್ನೊಬ್ಬಳು.

ಕಲ್ಲವ್ವನನ್ನು ಉಳಿಸಲು ಹೋಗಿ ಅವಳ ಮನೆಯನ್ನೇ ಮುಳುಗಿಸುತ್ತಿದ್ದರು. ಸಾಹೇಬರು ಫೈಲು ಮುಚ್ಚಿದರು. ನನಗೆ ಥಟ್ಟನೆ ಹೊಳೆಯಿತು.

"ಅಕ್ಕಾ, ಸಾಹೇಬ್ರಿಗೆ ಹಸಿವಾಗ್ಯದ. ಬಿಸಿ ರೊಟ್ಟಿ ಎಲ್ಲಿ ಸಿಗ್ತದ?"

"ನಮ್ಮ ಕಲ್ಲವ್ವನ ಮನಿಗೆ ಹೋಗ್ರಿ! ಲಗೂನ ಹೋಗ್ರಿ, ಇಲ್ಲಾಂದ್ರ ಪಾಳಿ ಹಚ್ಚಬೇಕಾಗ್ತದ!"

ಹೇಳಿದವಳು ನಾಲಿಗೆ ಕಚ್ಚಿಕೊಂಡಳು. ಸಾಹೇಬರು ಗೊಳ್ಳೆಂದು ನಕ್ಕರು. ಪಾಳಿಯಲ್ಲೇ ನಿಂತು, ಗಿರಾಕಿಗಳನ್ನು ಕಣ್ಣಾರೆ ಕಂಡು, ಹೊಟ್ಟೆ ತುಂಬ ತಿಂದು ಸಾಲಕ್ಕೆ ಒಪ್ಪಿದರು.

ಗೃಹಪ್ರವೇಶದ ದಿನ ಕಲ್ಲವ್ವ ಬಾಗಿಲಿಗೆ ತನ್ನ ಹೆಸರಿನ ಬೋರ್ಡು ಹಾಕಿಸಿ, ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದಳು.

"ನೀನೂ ಒಂದು ಮನೆ ತಗೊಳಯ್ಯಾ" ಎಂದರು ಸಾಹೇಬರು. ಕಂತು ಮುಗಿಯುವವರೆಗೆ ಒಂದೇ ಊರಲ್ಲಿರಬೇಕಲ್ಲ ಎಂದು ನೆನೆದೇ ಬೆವರಿದೆ. ಅಂದು ಸಂಜೆಯೇ ಬ್ಯಾಗು ಕಟ್ಟಲು ಕೂತೆ. ನಾಸಿಕದಲ್ಲೊಂದು ಕೆಲಸ ಇದೆಯಂತೆ. ಏನು ಕೆಲಸವೆಂದು ನಾನು ಕೇಳಿರಲಿಲ್ಲ.